ಲೌಡನ್ ಕೌಂಟಿಯ ರಾಜಕೀಯ ಒಲವನ್ನು ಅಂಕಿಗಳಲ್ಲಿ ಓದುವ ಬಗೆ

ಅಮೆರಿಕದ ವರ್ಜೀನಿಯಾ ರಾಜ್ಯದ ಉತ್ತರ ಭಾಗದಲ್ಲಿ, ರಾಜಧಾನಿ ವಾಷಿಂಗ್ಟನ್ನಿನ ಪಶ್ಚಿಮಕ್ಕಿರುವ ಲೌಡನ್ ಕೌಂಟಿ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕ) 1968ರಿಂದ 2004ರವರೆಗಿನ ಎಲ್ಲ ಅಧ್ಯಕ್ಷೀಯ ಚುನಾವಣೆಗಳಲ್ಲೂ ರಿಪಬ್ಲಿಕನ್ ಅಭ್ಯರ್ಥಿಗೇ ಹೆಚ್ಚು ಮತ ಕೊಟ್ಟಿತ್ತು. 2008ರಿಂದ ಈಚೆಗೆ ಅಧ್ಯಕ್ಷೀಯ ಚುನಾವಣೆಗಳಲ್ಲಿ ಒಮ್ಮೆಯೂ ಹಾಗೆ ಆಗಿಲ್ಲ. ಇದನ್ನು ಕಂಡವರು ‘ಜನ ಪಕ್ಷ ಬದಲಿಸಿದರು’ ಎಂದು ಸಲೀಸಾಗಿ ಬರೆದುಬಿಡುತ್ತಾರೆ. ಮತಗಳ ಲೆಕ್ಕವನ್ನು ಬಿಡಿಸಿ ನೋಡಿದರೆ ಆ ಮಾತು ಅರ್ಧ ಮಾತ್ರ ಸರಿ.

ಮೊದಲಿಗೆ ಒಂದು ನಿಯಮವನ್ನು ತಿಳಿದಿರಬೇಕು. ಕ್ಯಾಲಿಫೋರ್ನಿಯಾದಂತಹ ರಾಜ್ಯಗಳಲ್ಲಿ ಮತದಾರರು ನೋಂದಣಿಯ ವೇಳೆಯಲ್ಲೇ ತಮ್ಮ ಪಕ್ಷವನ್ನು ನಮೂದಿಸಬಹುದು. ವರ್ಜೀನಿಯಾದಲ್ಲಿ ಅಂತಹ ವ್ಯವಸ್ಥೆಯಿಲ್ಲ. ಆದ್ದರಿಂದ ಈ ಕೌಂಟಿಯಲ್ಲಿ ಇಷ್ಟು ಮಂದಿ ಡೆಮಾಕ್ರಟರು, ಇಷ್ಟು ಮಂದಿ ರಿಪಬ್ಲಿಕನ್ನರು ಎಂಬ ಅಧಿಕೃತ ಪಟ್ಟಿಯೇ ಇರುವುದಿಲ್ಲ. ಒಲವನ್ನು ಚುನಾವಣಾ ಫಲಿತಾಂಶಗಳಿಂದಲೇ ಊಹಿಸಬೇಕಾಗುವುದರಿಂದ, ಯಾವ ಫಲಿತಾಂಶವನ್ನು ಯಾವುದರೊಂದಿಗೆ ಹೋಲಿಸುತ್ತೇವೆ ಎಂಬುದರ ಮೇಲೆ ನಮ್ಮ ತೀರ್ಮಾನವೂ ನಿಲ್ಲುತ್ತದೆ.

2004ರಲ್ಲಿ ಜಾರ್ಜ್ ಬುಷ್ ಇಲ್ಲಿ ಸುಮಾರು 60 ಸಾವಿರ ಮತ ಪಡೆದು, ಶೇ 55ಕ್ಕಿಂತ ಹೆಚ್ಚು ಪಾಲಿನೊಂದಿಗೆ ಮುಂದಿದ್ದರು. ಎದುರಾಳಿ ಜಾನ್ ಕೆರಿಗೆ ಸುಮಾರು 47 ಸಾವಿರ ಮತಗಳು ಬಂದಿದ್ದವು. 2020ರಲ್ಲಿ ಡೊನಾಲ್ಡ್ ಟ್ರಂಪ್‌ಗೆ ಸುಮಾರು 82 ಸಾವಿರ ಮತ ಬಂದರೂ ಅವರ ಪಾಲು ಶೇ 37ನ್ನೂ ಮುಟ್ಟಲಿಲ್ಲ, ಏಕೆಂದರೆ ಜೋ ಬೈಡನ್ 1 ಲಕ್ಷ 38 ಸಾವಿರ ಮತಗಳನ್ನು ಪಡೆದಿದ್ದರು. ಅಂದರೆ ರಿಪಬ್ಲಿಕನ್ ಮತಗಳು ಕರಗಿಹೋಗಲಿಲ್ಲ, ಬದಲಿಗೆ ಬೆಳೆದವು. ಡೆಮಾಕ್ರಟಿಕ್ ಮತಗಳು ಅದಕ್ಕಿಂತ ಬಹಳ ವೇಗವಾಗಿ ಬೆಳೆದವು. 1990ರಲ್ಲಿ ಸುಮಾರು 86 ಸಾವಿರವಿದ್ದ ಜನಸಂಖ್ಯೆ 2020ರ ಜನಗಣತಿಯ ಹೊತ್ತಿಗೆ 4 ಲಕ್ಷ 20 ಸಾವಿರ ದಾಟಿತ್ತು. ಹಳೆಯ ಮತದಾರರಲ್ಲೂ ಕೆಲವರು ಮನಸ್ಸು ಬದಲಿಸಿರಬಹುದು. ಆದರೂ ಇಷ್ಟೊಂದು ದೊಡ್ಡ ಪಲ್ಲಟದ ಬಹುಪಾಲು ಹೊಸದಾಗಿ ಬಂದು ನೆಲೆಸಿದವರಿಂದ ಆದದ್ದು ಎಂದೇ ನನ್ನ ಎಣಿಕೆ.

ಬಂದವರು ಯಾರು ಎಂಬುದಕ್ಕೆ ನಕ್ಷೆಯೇ ಉತ್ತರ ಕೊಡುತ್ತದೆ. ಪೂರ್ವದಲ್ಲಿ ಡಲೆಸ್ ವಿಮಾನ ನಿಲ್ದಾಣ, ಡೇಟಾ ಸೆಂಟರ್‌ಗಳಿಗೆ ಜಗತ್ತಿನಲ್ಲೇ ಹೆಸರಾದ ಆಶ್‌ಬರ್ನ್, ಐಟಿ ಉದ್ಯೋಗಿಗಳು, ಕೇಂದ್ರ ಸರ್ಕಾರದ ನೌಕರರು ಮತ್ತು ಗುತ್ತಿಗೆ ಸಂಸ್ಥೆಗಳವರು, ಭಾರತವೂ ಸೇರಿದಂತೆ ಏಷ್ಯಾದಿಂದ ಬಂದ ಕುಟುಂಬಗಳು. ಪಶ್ಚಿಮದಲ್ಲಿ ಪರ್ಸೆಲ್‌ವಿಲ್ ಸುತ್ತಮುತ್ತ ಕುದುರೆ ಸಾಕಣೆ, ದ್ರಾಕ್ಷಿ ತೋಟಗಳು, ವಿರಳವಾದ ಮನೆಗಳು. ಪಶ್ಚಿಮ ಒಟ್ಟಾರೆ ರಿಪಬ್ಲಿಕನ್ನರ ಕಡೆಗೇ ವಾಲುತ್ತದೆ, ಆದರೆ ಅಲ್ಲಿ ಮತದಾರರು ಕಡಿಮೆ. ಪಲ್ಲಟದ ಮೊದಲ ಸುಳಿವು 2005ರಲ್ಲೇ ಸಿಕ್ಕಿತ್ತು. ಆ ವರ್ಷ ಗವರ್ನರ್, ಅಂದರೆ ರಾಜ್ಯ ಸರ್ಕಾರದ ಚುನಾಯಿತ ಮುಖ್ಯಸ್ಥರ, ಹುದ್ದೆಗೆ ನಿಂತ ಡೆಮಾಕ್ರಟ್ ಟಿಮ್ ಕೇನ್, ಬಡಾವಣೆಗಳ ಅತಿ ಬೆಳವಣಿಗೆ ಮತ್ತು ಸಂಚಾರ ದಟ್ಟಣೆಯನ್ನೇ ದೊಡ್ಡ ವಿಷಯವಾಗಿಸಿ ಇಲ್ಲಿ ಮುನ್ನಡೆ ಪಡೆದರು. ಸೈದ್ಧಾಂತಿಕ ಚರ್ಚೆಗಿಂತ ಕಚೇರಿಗೆ ಹೋಗುವ ರಸ್ತೆ ಮತ ತಂದಿತೆನ್ನುವುದು ನಮ್ಮ ಬೆಂಗಳೂರಿನವರಿಗೆ ವಿಚಿತ್ರವೆನಿಸಲಾರದು.

ಚುನಾವಣೆಯ ವರ್ಷವೂ ಮುಖ್ಯ. ಇಲ್ಲಿ ಸ್ಥಳೀಯ ಆಡಳಿತ ಮಂಡಳಿಗೂ ಗವರ್ನರ್ ಹುದ್ದೆಗೂ ಬೆಸ ಸಂಖ್ಯೆಯ ವರ್ಷಗಳಲ್ಲಿ ಮತದಾನ ನಡೆಯುತ್ತದೆ ಮತ್ತು ಆಗ ಮತಗಟ್ಟೆಗೆ ಬರುವವರು ಕಡಿಮೆ. 2011ರಲ್ಲಿ ಕೌಂಟಿ ಮಂಡಳಿಯ ಒಂಬತ್ತೂ ಸ್ಥಾನಗಳು ರಿಪಬ್ಲಿಕನ್ನರ ಪಾಲಾದವು. ಮರುವರ್ಷವೇ ಬರಾಕ್ ಒಬಾಮಾ ಇದೇ ಕೌಂಟಿಯಲ್ಲಿ ಮುನ್ನಡೆ ಪಡೆದರು.

2021ರ ಗವರ್ನರ್ ಚುನಾವಣೆಯನ್ನು ಓದುವಾಗ ಹೆಚ್ಚಿನವರು ಎಡವುವುದು ಇಲ್ಲೇ. ಶಾಲಾ ಮಂಡಳಿಯ ಸಭೆಗಳಲ್ಲಿ ನಡೆದ ಜಗಳಗಳು ದೇಶದಾದ್ಯಂತ ಸುದ್ದಿಯಾಗಿದ್ದ ಆ ವರ್ಷ ರಿಪಬ್ಲಿಕನ್ ಗ್ಲೆನ್ ಯಂಗ್‌ಕಿನ್ ಇಲ್ಲಿ ಶೇ 44ರಷ್ಟು ಮತ ಪಡೆದರು. ಹಿಂದಿನ ವರ್ಷದ ಟ್ರಂಪ್ ಪಾಲಿಗೆ ಹೋಲಿಸಿದರೆ ಇದು ಭಾರಿ ಜಿಗಿತ. ಆದರೆ ಮತಗಳ ಸಂಖ್ಯೆಯಲ್ಲಿ ಯಂಗ್‌ಕಿನ್‌ಗೆ ಬಂದದ್ದು ಸುಮಾರು 71 ಸಾವಿರ, ಅಂದರೆ ಟ್ರಂಪ್‌ಗಿಂತ ಕಡಿಮೆ. ಡೆಮಾಕ್ರಟರ ಮತಗಳು 89 ಸಾವಿರದ ಆಸುಪಾಸಿಗೆ ಇಳಿದದ್ದರಿಂದ ಅಂತರ ಕುಗ್ಗಿತು. ಹಾಗೆಂದು ಎಲ್ಲವನ್ನೂ ಮನೆಯಲ್ಲೇ ಉಳಿದವರ ಲೆಕ್ಕಕ್ಕೆ ಹಾಕುವಂತೆಯೂ ಇಲ್ಲ. ಗವರ್ನರ್ ಚುನಾವಣೆಯನ್ನು ಗವರ್ನರ್ ಚುನಾವಣೆಯೊಂದಿಗೇ ಹೋಲಿಸಬೇಕು: 2017ರಲ್ಲಿ ಡೆಮಾಕ್ರಟರ ಮುನ್ನಡೆ ಶೇ 20ರಷ್ಟಿತ್ತು, 2021ರಲ್ಲಿ ಅದು ಶೇ 11ಕ್ಕೆ ಇಳಿಯಿತು. ಶಾಲೆಗಳ ವಿವಾದದ ಪರಿಣಾಮವನ್ನು ಹುಡುಕುವುದಿದ್ದರೆ ಈ ಇಳಿಕೆಯೊಳಗೆ ಹುಡುಕಬೇಕೇ ಹೊರತು, 2020ರ ಶೇ 25ರ ಅಂತರಕ್ಕೆ ಹೋಲಿಸಿ ಅಲ್ಲ.

ಮತಗಟ್ಟೆವಾರು ಅಂಕಿಗಳಿಗೆ ಇಳಿಯುವವರಿಗೆ ಇನ್ನೊಂದು ಎಚ್ಚರಿಕೆ. 2020ರಲ್ಲಿ ಅಂಚೆ ಮತಗಳನ್ನೂ ಮುಂಗಡ ಮತಗಳನ್ನೂ ಆಯಾ ಮತಗಟ್ಟೆಗೆ ಹಂಚದೆ ಒಂದೇ ಕೇಂದ್ರೀಯ ಘಟಕದಡಿ ಎಣಿಸಿದ್ದರು. ಕೋವಿಡ್ ಕಾರಣದಿಂದ ಹಾಗೆ ಮತ ಹಾಕಿದವರಲ್ಲಿ ಡೆಮಾಕ್ರಟಿಕ್ ಬೆಂಬಲಿಗರೇ ಹೆಚ್ಚು. ಹೀಗಾಗಿ ಮತಗಟ್ಟೆಯ ಅಂಕಿಯನ್ನಷ್ಟೇ ನೋಡಿದರೆ ಅನೇಕ ಬಡಾವಣೆಗಳು ವಾಸ್ತವಕ್ಕಿಂತ ಹೆಚ್ಚು ರಿಪಬ್ಲಿಕನ್ ಆಗಿ ಕಾಣುತ್ತವೆ. ನಂತರ ಕಾನೂನು ಬದಲಾಗಿ, ಅಂತಹ ಮತಗಳನ್ನೂ ಮತಗಟ್ಟೆವಾರು ಪ್ರಕಟಿಸಲಾಗುತ್ತಿದೆ.

2024ರಲ್ಲಿ ಕಮಲಾ ಹ್ಯಾರಿಸ್ ಇಲ್ಲಿ ಮುಂದಿದ್ದರೂ ಅಂತರ ಶೇ 16ರ ಆಸುಪಾಸಿಗೆ ಕುಗ್ಗಿತು. ಅದೇ ದಿನ, ತಾಯಿಯ ಕಡೆಯಿಂದ ಬೆಂಗಳೂರಿನ ನಂಟಿರುವ ಸುಹಾಸ್ ಸುಬ್ರಹ್ಮಣ್ಯಂ ವರ್ಜೀನಿಯಾದ 10ನೇ ಕ್ಷೇತ್ರದಿಂದ ಅಮೆರಿಕ ಸಂಸತ್ತಿನ ಕೆಳಮನೆಗೆ ಆಯ್ಕೆಯಾದರು. ಅವರ ಗೆಲುವಿನ ಅಂತರ ಶೇ 5ಕ್ಕಿಂತ ಕಡಿಮೆಯಿತ್ತು ಎಂಬುದನ್ನು ಲೌಡನ್‌ನ ಒಲವಿಗೆ ಅಳತೆಗೋಲಾಗಿ ಬಳಸಬಾರದು. ಆ ಕ್ಷೇತ್ರದೊಳಗೆ ಲೌಡನ್ ಜೊತೆಗೆ ಫಾಕಿಯರ್, ರ‍್ಯಾಪಹ್ಯಾನಕ್‌ನಂತಹ ರಿಪಬ್ಲಿಕನ್ ಒಲವಿನ ಗ್ರಾಮೀಣ ಕೌಂಟಿಗಳೂ ಸೇರಿವೆ.