ಪ್ಯಾಟಿ ಸ್ಮಿತ್ ಹಾಡುಗಳನ್ನು ಎಲ್ಲಿಂದ ಕೇಳಲು ಶುರು ಮಾಡಬೇಕು?

ಓದುಗರ ಪ್ರಶ್ನೆ: ಪಂಕ್ ರಾಕ್ ಅಂದರೆ ಅರಚಾಟ, ಹರಿದ ಬಟ್ಟೆ, ಎರಡು ನಿಮಿಷದ ಹಾಡು ಅಂದುಕೊಂಡಿದ್ದೆ. ಪ್ಯಾಟಿ ಸ್ಮಿತ್ ಹಾಕಿದರೆ ಯಾರೋ ನಿಧಾನವಾಗಿ ಕವಿತೆ ಓದುತ್ತಿದ್ದಾರೆ. ಇವರನ್ನು ಪಂಕ್ ಅನ್ನುವುದು ಯಾಕೆ? 50 ವರ್ಷದ ಹಾಡುಗಳಿವೆಯಲ್ಲ, ಎಲ್ಲಿಂದ ಶುರು ಮಾಡಲಿ?

ಕೊನೆಯ ಮಾತಿಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಇವತ್ತು 'ಬಿಕಾಸ್ ದ ನೈಟ್' ಕೇಳಿ. ಒಂದು ದಿನ ಬಿಟ್ಟು 'ಗ್ಲೋರಿಯಾ' ಕೇಳಿ. ಮೊದಲನೆಯದು ಕೇಳಿದ ಕೂಡಲೇ ಹಿಡಿಸುತ್ತದೆ. 'ಗ್ಲೋರಿಯಾ' ಒಳಗಿಳಿಯಲು ಎರಡು ಮೂರು ಸಲ ಬೇಕು. ಆದರೆ ಪ್ಯಾಟಿ ಸ್ಮಿತ್ ಯಾರು ಅನ್ನುವುದು ಗೊತ್ತಾಗುವುದು ಅದರಿಂದಲೇ.

ಪಂಕ್ ಅನ್ನುವುದು ಯಾಕೆ ಅಂತ ತಿಳಿಯಬೇಕಾದರೆ ಅವರು ಹಾಡುಗಾರ್ತಿ ಆಗುವ ಮುಂಚಿನ ಒಂದು ಬೇಸಿಗೆಗೆ ಹೋಗಬೇಕು. ಪ್ಯಾಟಿ ಹುಟ್ಟಿದ್ದು 1946ರ ಡಿಸೆಂಬರ್ 30ರಂದು, ಷಿಕಾಗೋದಲ್ಲಿ. ಬೆಳೆದದ್ದು ಹೆಚ್ಚಾಗಿ ನ್ಯೂಜೆರ್ಸಿಯ ದಕ್ಷಿಣ ಭಾಗದಲ್ಲಿ. ಅಪ್ಪ ಕಾರ್ಖಾನೆ ಕೆಲಸಗಾರ, ಅಮ್ಮ ಹೋಟೆಲಿನಲ್ಲಿ ಊಟ ಬಡಿಸುವವರು. ಹದಿಹರೆಯದಲ್ಲಿ ಪ್ಯಾಟಿಯೂ ಒಂದು ಕಾರ್ಖಾನೆಗೆ ಸೇರಿದರು. ಅಲ್ಲಿ ಎಷ್ಟು ಮಾಲು ತೆಗೆಯಬೇಕು ಅಂತ ದಿನದ ಲೆಕ್ಕವಿತ್ತು. ಹೊಸ ಹುಡುಗಿ ಬೇಗ ಬೇಗ ಕೆಲಸ ಮುಗಿಸಿದರೆ ಉಳಿದವರ ಲೆಕ್ಕ ಏರಿಸಿಬಿಡುತ್ತಾರೆ, ಅದಕ್ಕೇ ಹಳಬರು ಗದರಿಸುತ್ತಿದ್ದರು. ಜೇಬಿನಲ್ಲಿ ಫ್ರೆಂಚ್ ಕವಿ ರ್‍ಯಾಂಬೋನ ಪುಸ್ತಕ, ಎದುರಿಗೆ ಬೆವರಿನ ವಾಸನೆಯ ಶೆಡ್ಡು. ಆ ಅನುಭವವೇ 1974ರಲ್ಲಿ ಬಂದ ಅವರ ಮೊದಲ ರೆಕಾರ್ಡಿನ ಒಂದು ಮಗ್ಗುಲಿನಲ್ಲಿರುವ 'ಪಿಸ್ ಫ್ಯಾಕ್ಟರಿ'. ಅದರಲ್ಲಿ ಹಾಡುವುದು ಕಡಿಮೆ, ಹೇಳುವುದೇ ಹೆಚ್ಚು. ಪಿಯಾನೋ ಓಡುತ್ತದೆ, ಮಾತು ಅದರ ಬೆನ್ನು ಹತ್ತುತ್ತದೆ. ನಾನು ಇಲ್ಲಿಂದ ಹೊರಡುತ್ತೇನೆ, ರೈಲು ಹತ್ತಿ ನ್ಯೂಯಾರ್ಕಿಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಅನ್ನುವ ಹಟ ಕೊನೆಕೊನೆಗೆ ಉಸಿರು ಕಟ್ಟಿಸುವಷ್ಟು ಏರುತ್ತದೆ. ಪಂಕ್ ಎಂಬ ಹೆಸರು ಇನ್ನೂ ಯಾರ ಬಾಯಲ್ಲೂ ನಿಂತಿರದ ಕಾಲ ಅದು.

1967ರಲ್ಲಿ ಅವರು ನಿಜವಾಗಿಯೂ ಹೊರಟುಬಂದರು. ನ್ಯೂಯಾರ್ಕಿನಲ್ಲಿ ಪುಸ್ತಕದಂಗಡಿಯ ಕೆಲಸ, ಮುಂದೆ ಹೆಸರಾಂತ ಛಾಯಾಗ್ರಾಹಕನಾದ ರಾಬರ್ಟ್ ಮೇಪಲ್‌ಥಾರ್ಪ್ ಜೊತೆ ಬಡತನದ ಸಂಸಾರ, ಕವಿತೆ. 1971ರ ಫೆಬ್ರವರಿ 10ರಂದು ಸೇಂಟ್ ಮಾರ್ಕ್ಸ್ ಚರ್ಚಿನಲ್ಲಿ ಕವಿತೆ ಓದಲು ಕರೆ ಬಂತು. ಸುಮ್ಮನೆ ನಿಂತು ಓದುವುದು ಪ್ಯಾಟಿಗೆ ಬೇಡವಾಗಿತ್ತು. ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತ ಸಂಗೀತದ ಬಗ್ಗೆ ಬರೆಯುತ್ತಿದ್ದ ಲೆನ್ನಿ ಕೇ ಎಂಬ ಗೆಳೆಯನನ್ನು ಹಿಡಿದು, ಗಿಟಾರಿನಲ್ಲಿ ಕಾರು ಡಿಕ್ಕಿ ಹೊಡೆಯುವ ಸದ್ದು ಬರಿಸುತ್ತೀಯಾ ಅಂತ ಕೇಳಿದರು. ಬರಿಸುತ್ತೇನೆ ಅಂದ. ಅವತ್ತು ಪಕ್ಕದಲ್ಲಿ ನಿಂತ ಲೆನ್ನಿ ಕೇ ಇವತ್ತಿಗೂ ಅವರ ತಂಡದಲ್ಲಿದ್ದಾರೆ.

ಪಂಕ್ ಇಲ್ಲೇ ಇದೆ. 70ರ ದಶಕದ ನಡುವಿನ ಹೊತ್ತಿಗೆ ರಾಕ್ ಸಂಗೀತ ದೊಡ್ಡ ಕ್ರೀಡಾಂಗಣಗಳ ವ್ಯವಹಾರವಾಗಿತ್ತು. ಲಾರಿಗಟ್ಟಲೆ ಸಲಕರಣೆ, ಹತ್ತು ಹತ್ತು ನಿಮಿಷದ ಗಿಟಾರ್ ಕಸರತ್ತು, ವರ್ಷಗಟ್ಟಲೆ ಪಳಗಿದ ಕೈ. ಅದಿಲ್ಲದವರು ಕೆಳಗೆ ಕೂತು ಚಪ್ಪಾಳೆ ತಟ್ಟಬೇಕಿತ್ತು. ಬೌವರಿ ಎಂಬ ಹಾಳುಬಿದ್ದ ಬೀದಿಯಲ್ಲಿ, ಸಿಬಿಜಿಬಿ ಅನ್ನುವ ಇಕ್ಕಟ್ಟಿನ ಬಾರಿನಲ್ಲಿ ಸೇರಿದವರು, ನಮಗೆ ಹೇಳಲು ಏನೋ ಇದೆ, ಕಲಿತು ಮುಗಿಯುವ ತನಕ ಕಾಯುವುದಿಲ್ಲ ಅಂದರು. 1975ರಲ್ಲಿ ಪ್ಯಾಟಿಯ ತಂಡ ಅಲ್ಲಿ ವಾರಗಟ್ಟಲೆ ನುಡಿಸಿತು. ಅರಚುವುದು, ಹರಿದ ಬಟ್ಟೆ, ಇವೆಲ್ಲ ಆಮೇಲೆ ಬಂದ ವೇಷ. ಸಿದ್ಧವಾಗುವ ಮೊದಲೇ ಬಾಯಿ ತೆರೆಯುವ ಧೈರ್ಯವೇ ಮೂಲ. ಆ ಲೆಕ್ಕದಲ್ಲಿ ಪ್ಯಾಟಿಗಿಂತ ಹೆಚ್ಚು ಪಂಕ್ ಆದವರನ್ನು ನಾನು ಕೇಳಿಲ್ಲ.

ಈಗ 'ಗ್ಲೋರಿಯಾ'. 1975ರಲ್ಲಿ ಬಂದ ಅವರ ಮೊದಲ ಆಲ್ಬಂ 'ಹಾರ್ಸಸ್' ಶುರುವಾಗುವುದೇ ಇದರಿಂದ. ಮೂಲ ಹಾಡು ಉತ್ತರ ಐರ್ಲೆಂಡಿನ ಹಾಡುಗಾರ ವ್ಯಾನ್ ಮಾರಿಸನ್ ತಮ್ಮ 'ದೆಮ್' ತಂಡಕ್ಕಾಗಿ 60ರ ದಶಕದಲ್ಲಿ ಬರೆದದ್ದು. ಗಿಟಾರಿನಲ್ಲಿ ಮೂರೇ ಕಾರ್ಡ್, ಅಂದರೆ ಒಟ್ಟಿಗೆ ಮೀಟುವ ಮೂರು ಸ್ವರಗುಚ್ಛ, ಬಂದರೆ ಸಾಕು, ಯಾವ ಹುಡುಗನೂ ನುಡಿಸಬಹುದು. ಪ್ಯಾಟಿ ಅದರ ಮುಂದೆ ತಮ್ಮದೊಂದು ಹಳೆಯ ಕವಿತೆಯನ್ನು ತಂದು ನಿಲ್ಲಿಸಿದರು. ಹೆಡ್‌ಫೋನ್ ಹಾಕಿಕೊಂಡು ಕೇಳಿ. ಮೊದಲು ರಿಚರ್ಡ್ ಸೋಲ್ ಅವರ ಪಿಯಾನೋ, ಅವಸರವೇ ಇಲ್ಲ. ಅದರ ಮೇಲೆ ಒಣಗಿದ, ಸ್ವಲ್ಪ ಸೊಕ್ಕಿನ ದನಿ: ಏಸು ಸತ್ತದ್ದು ಯಾರದೋ ಪಾಪಕ್ಕೆ, ನನ್ನ ಪಾಪಕ್ಕಲ್ಲ. ಪದಗಳನ್ನು ಎಳೆದು ಎಳೆದು ಬಿಡುತ್ತಾರೆ. ದಾಸರ ಪದಕ್ಕೆ ಮುಂಚೆ ತಾಳವಿಲ್ಲದೆ ಉಗಾಭೋಗ ಹಾಡುತ್ತಾರಲ್ಲ, ನನ್ನ ಕಿವಿಗೆ ಆ ಜಾಗ ಹಾಗೇ ಕೇಳುತ್ತದೆ. ಆಮೇಲೆ ಗಿಟಾರ್ ಬರುತ್ತದೆ, ಡ್ರಮ್ ಬರುತ್ತದೆ, ಲಯ ನೆಲ ಹಿಡಿಯುತ್ತದೆ, ಒಂದೊಂದು ಸುತ್ತಿಗೂ ವೇಗ ಏರುತ್ತದೆ. ಕಿಟಕಿಯಲ್ಲಿ ಒಂದು ಹುಡುಗಿ ಕಾಣುತ್ತಾಳೆ, ಮೆಟ್ಟಿಲು ಹತ್ತಿ ಬರುತ್ತಾಳೆ, ಗಡಿಯಾರ ಬಾರಿಸುತ್ತದೆ. ಕೊನೆಗೆ ಆ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಕೂಗುವ ಹೊತ್ತಿಗೆ, ಮೊದಲಿನ ಆ ಮೆಲ್ಲನೆಯ ಮಾತು ಇಲ್ಲಿಗೆ ಹೇಗೆ ಬಂತು ಅಂತ ಹಿಂದಿರುಗಿ ನೋಡುವಂತಾಗುತ್ತದೆ. ನೀವು ಕೇಳಿದ "ನಿಧಾನವಾಗಿ ಕವಿತೆ ಓದುವುದು" ಬಹುಶಃ ಇದರ ಮೊದಲ ನಿಮಿಷ. ದಯವಿಟ್ಟು ಆರನೆಯ ನಿಮಿಷದ ತನಕ ಇರಿ.

'ಹಾರ್ಸಸ್'ನಲ್ಲಿ ನನಗೆ ಬಿಡಲಾಗದ ಇನ್ನೂ ಹಾಡುಗಳಿವೆ. 'ಫ್ರೀ ಮನಿ'ಯಲ್ಲಿ ಲಾಟರಿ ಹೊಡೆಯುವ ಕನಸು ಕಾಣುತ್ತಿದ್ದ ಅಮ್ಮನ ನೆನಪಿದೆ. 'ಕಿಂಬರ್ಲಿ'ಯಲ್ಲಿ ಪುಟ್ಟ ತಂಗಿಯನ್ನು ಎತ್ತಿಕೊಂಡು, ಸಿಡಿಲು ಬಡಿದು ಉರಿಯುವ ಕೊಟ್ಟಿಗೆಯನ್ನು ನೋಡುತ್ತ ನಿಂತ ಅಕ್ಕ ಇದ್ದಾಳೆ. 'ಬರ್ಡ್‌ಲ್ಯಾಂಡ್' ಒಂಬತ್ತು ನಿಮಿಷ: ಅಪ್ಪನನ್ನು ಮಣ್ಣು ಮಾಡಿದ ದಿನ, ಆಕಾಶನೌಕೆಯಲ್ಲಿ ಕೂತು ಅಪ್ಪ ತನ್ನನ್ನು ಕರೆದೊಯ್ಯಲು ಬರುತ್ತಾನೆ ಅಂತ ಕಾಯುವ ಹುಡುಗನ ಕಥೆ. ಇದನ್ನು ಮಾತ್ರ ಬಸ್ಸಿನಲ್ಲಿ ಕೇಳಬೇಡಿ, ರಾತ್ರಿಗೆ ಇಟ್ಟುಕೊಳ್ಳಿ. ಆಲ್ಬಂನ ಮುಖಚಿತ್ರ ತೆಗೆದದ್ದು ಮೇಪಲ್‌ಥಾರ್ಪ್. ಬಿಳಿ ಅಂಗಿ, ಹೆಗಲ ಮೇಲೆ ಎಸೆದ ಕೋಟು, ಬಾಚದ ಕೂದಲು, ನೇರ ನೋಟ. ಹಾಡುಗಾರ್ತಿಯರನ್ನು ಸಿಂಗರಿಸಿ ಮಾರುತ್ತಿದ್ದ ಕಾಲದಲ್ಲಿ ಆ ಚಿತ್ರವನ್ನು ತಿದ್ದಲು ಪ್ಯಾಟಿ ಒಪ್ಪಲಿಲ್ಲ.

ಎರಡನೆಯ ಆಲ್ಬಂ 'ರೇಡಿಯೋ ಇಥಿಯೋಪಿಯಾ'ವನ್ನು ಈಗ ಬಿಟ್ಟುಬಿಡಿ, ಅವರ ಅಭಿಮಾನಿಯಾದ ಮೇಲೆ ಬನ್ನಿ. 1977ರ ಜನವರಿಯಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಹಾಡುತ್ತ ಗಿರಗಿರನೆ ತಿರುಗುವಾಗ ವೇದಿಕೆಯಿಂದ ಕೆಳಗೆ ಬಿದ್ದು ಕತ್ತಿನ ಮೂಳೆ ಮುರಿದುಕೊಂಡರು. ತಿಂಗಳುಗಟ್ಟಲೆ ಹಾಸಿಗೆ.

ಎದ್ದು ಬಂದ ಮೇಲೆ ಮಾಡಿದ್ದು 1978ರ 'ಈಸ್ಟರ್', 'ಬಿಕಾಸ್ ದ ನೈಟ್' ಇರುವ ಆಲ್ಬಂ. ಈ ಹಾಡು ಅರ್ಧ ಅಮೆರಿಕದ ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರದು. ರಾಗವೂ ಪಲ್ಲವಿಯೂ ಹೊಂದಿದ್ದವು, ಚರಣ ಕೂಡಿಬರಲಿಲ್ಲ, ಅವರು ಪಕ್ಕಕ್ಕಿಟ್ಟಿದ್ದರು. ಇಬ್ಬರ ಜೊತೆಗೂ ಸ್ಟುಡಿಯೋದಲ್ಲಿ ಧ್ವನಿಮುದ್ರಣದ ಕೆಲಸ ಮಾಡುತ್ತಿದ್ದ ಜಿಮ್ಮಿ ಅಯೊವಿನ್ ಆ ಕ್ಯಾಸೆಟ್ ತಂದು ಪ್ಯಾಟಿಗೆ ಕೊಟ್ಟರು. ಇನ್ನೊಬ್ಬರ ಹಾಡು ನನಗೇಕೆ ಅಂತ ಅದನ್ನು ಮುಟ್ಟದೆ ಇಟ್ಟಿದ್ದರು. ಒಂದು ರಾತ್ರಿ ಡೆಟ್ರಾಯಿಟ್‌ನಿಂದ ಫ್ರೆಡ್ ಸ್ಮಿತ್ ಫೋನು ಮಾಡಬೇಕಿತ್ತು. ಎಂಸಿ5 ಎಂಬ ರಾಕ್ ತಂಡದಲ್ಲಿದ್ದ ಗಿಟಾರಿಸ್ಟ್, ಆಗಿನ ಪ್ರಿಯಕರ. ಹೇಳಿದ ಹೊತ್ತು ಮೀರಿತು, ಫೋನು ಬರಲಿಲ್ಲ. ಕಾಯುವ ಸಂಕಟ ತಡೆಯಲಾಗದೆ ಕ್ಯಾಸೆಟ್ ಹಾಕಿದರು. ಮಧ್ಯರಾತ್ರಿ ಸುಮಾರಿಗೆ ಫೋನು ಬರುವಷ್ಟರಲ್ಲಿ ಚರಣಗಳು ಸಿದ್ಧವಾಗಿದ್ದವು. ಈಗ ಕೇಳುವಾಗ ಗಮನವಿಡಿ, ಹಾಡಿನೊಳಗೆ ಟೆಲಿಫೋನ್ ಅನ್ನುವ ಪದವೇ ಇದೆ. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 13ನೇ ಸ್ಥಾನಕ್ಕೆ, ಬ್ರಿಟನ್ನಿನಲ್ಲಿ 5ನೇ ಸ್ಥಾನಕ್ಕೆ ಏರಿತು. ಇಷ್ಟು ಜನಪ್ರಿಯವಾದ ಬೇರೆ ಹಾಡು ಅವರಿಗೆ ಇಲ್ಲ.

ಅದೇ ಆಲ್ಬಂನಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದವನ್ನು ಶೀರ್ಷಿಕೆಯಾಗಿಸಿದ ಒಂದು ಹಾಡಿದೆ. ಸಮಾಜದಿಂದ ಹೊರಗಿಟ್ಟ ಎಲ್ಲ ಕಲಾವಿದರಿಗೂ ಆ ಪದ ಸಲ್ಲಲಿ ಅನ್ನುವುದು ಅವರ ವಾದವಾಗಿತ್ತು. ನಾನು ಒಪ್ಪುವುದಿಲ್ಲ. ಬೇರೆಯವರು ನೋವು ಉಂಡ ಪದವನ್ನು ಹಾಗೆ ಎತ್ತಿಕೊಳ್ಳಲು ಬರುವುದಿಲ್ಲ. ಪ್ಯಾಟಿಯನ್ನು ಇಷ್ಟು ಪ್ರೀತಿಸುವುದರಿಂದಲೇ ಇದನ್ನು ಮುಚ್ಚಿಡಬಾರದು ಅನ್ನಿಸುತ್ತದೆ.

1979ರ 'ವೇವ್'ನಿಂದ 'ಡ್ಯಾನ್ಸಿಂಗ್ ಬೇರ್‌ಫುಟ್' ತೆಗೆದುಕೊಳ್ಳಿ. ಬರಿಗಾಲಲ್ಲಿ ಕುಣಿಯುವ ಹೆಣ್ಣೊಬ್ಬಳ ಪ್ರೇಮ, ಭಕ್ತಿಗೆ ತೀರ ಹತ್ತಿರ. ನನಗೆ ಒಂದೇ ಒಂದು ಹಾಡು ಆರಿಸು ಅಂದರೆ ಇದನ್ನೇ ಆರಿಸುತ್ತೇನೆ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಇಟಲಿಯ ಫ್ಲಾರೆನ್ಸ್‌ನಲ್ಲಿ ತುಂಬಿದ ಕ್ರೀಡಾಂಗಣಕ್ಕೆ ಹಾಡಿ, ಪ್ಯಾಟಿ ವೇದಿಕೆ ಬಿಟ್ಟರು. 1980ರಲ್ಲಿ ಫ್ರೆಡ್ ಜೊತೆ ಮದುವೆ, ಡೆಟ್ರಾಯಿಟ್ ಹತ್ತಿರ ಮನೆ, ಜ್ಯಾಕ್ಸನ್ ಮತ್ತು ಜೆಸ್ಸಿ ಎಂಬ ಇಬ್ಬರು ಮಕ್ಕಳು.

ಅವರ ಬಗ್ಗೆ ಬರೆಯುವವರು ಈ ವರ್ಷಗಳನ್ನು ಖಾಲಿ ಅನ್ನುವಂತೆ ದಾಟಿಬಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಮಕ್ಕಳು ಏಳುವ ಮೊದಲು ನಸುಕಿನಲ್ಲಿ ಎದ್ದು ಬರೆಯುತ್ತಿದ್ದರು, ಆಮೇಲೆ ಒಗೆಯುವುದು, ಬೇಯಿಸುವುದು. ಒಂದು ದಿನ ಅಡುಗೆಮನೆಯಲ್ಲಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಾಗ ಫ್ರೆಡ್ ಒಳಗೆ ಬಂದು, ಅಧಿಕಾರ ಇರುವುದು ಜನರ ಕೈಯಲ್ಲಿ, ಇದನ್ನು ಬರೆ ಅಂದರು. ಚಾಕು, ಸಿಪ್ಪೆ, ಒದ್ದೆ ಕೈ. 'ಪೀಪಲ್ ಹ್ಯಾವ್ ದ ಪವರ್' ಹುಟ್ಟಿದ್ದು ಹಾಗೆ. 1988ರ 'ಡ್ರೀಮ್ ಆಫ್ ಲೈಫ್' ಆಲ್ಬಂನಲ್ಲಿ ಬಂತು. ಮುಂದೆ ಎಷ್ಟೋ ದೇಶಗಳ ಮೆರವಣಿಗೆಗಳಲ್ಲಿ, ಯುದ್ಧವಿರೋಧಿ ಸಭೆಗಳಲ್ಲಿ ಜನ ಅದನ್ನು ಎತ್ತಿ ಹಾಡಿದರು. ಫೋನಿಗೆ ಕಾಯುವಾಗ ಒಂದು ಹಾಡು, ಅಡುಗೆಮನೆಯಲ್ಲಿ ಇನ್ನೊಂದು. ಅವರ ಅತಿ ದೊಡ್ಡ ಎರಡು ಹಾಡುಗಳೂ ಬಂದದ್ದು ಮನೆಯೊಳಗಿನ ಹೊತ್ತಿನಲ್ಲೇ.

ಆಮೇಲೆ ಸಾವುಗಳು. 1989ರಲ್ಲಿ ಮೇಪಲ್‌ಥಾರ್ಪ್, ಮರುವರ್ಷ ಪಿಯಾನೋದ ರಿಚರ್ಡ್ ಸೋಲ್, 1994ರ ನವೆಂಬರಿನಲ್ಲಿ ಫ್ರೆಡ್, ಅದಾಗಿ ತಿಂಗಳೊಪ್ಪತ್ತಿನಲ್ಲಿ ತಮ್ಮ ಟಾಡ್. ಕೊನೆಯ ದಿನಗಳಲ್ಲಿ ಫ್ರೆಡ್ ಹೆಂಡತಿಗೆ ಗಿಟಾರಿನ ಕಾರ್ಡ್‌ಗಳನ್ನು ಕಲಿಸುತ್ತಿದ್ದರು. 1996ರ 'ಗಾನ್ ಅಗೇನ್' ಆಲ್ಬಂನಲ್ಲಿ ಆ ಕಲಿತ ಕೈ ಇದೆ. ದುಃಖವನ್ನು ಅಲಂಕರಿಸದೆ ಹಾಗೇ ಎದುರಿಗೆ ಇಡುವ ಹಾಡುಗಳು. ಅದರಲ್ಲಿ 'ಬಿನೀತ್ ದ ಸದರ್ನ್ ಕ್ರಾಸ್' ಹುಡುಕಿ. ಹಿಂದೆ ತೇಲಿಬರುವ ದನಿ ತರುಣ ಜೆಫ್ ಬಕ್ಲಿಯದು, ಮರುವರ್ಷ ಅವರೂ ತೀರಿಕೊಂಡರು. ಆಪ್ತರನ್ನು ಕಳೆದುಕೊಂಡವರಿಗೆ ನಾನು ಮೊದಲು ಕೊಡುವುದು ಈ ಆಲ್ಬಂ.

2004ರ 'ಟ್ರ್ಯಾಂಪಿನ್' ಆಲ್ಬಂ ಇರಾಕ್ ಯುದ್ಧದ ಹೊತ್ತಿನದು. ಅದರಲ್ಲಿ ಬಾಂಬಿನ ಕೆಳಗಿರುವ ಬಾಗ್ದಾದಿನ ತಾಯಿಯ ದನಿಯಲ್ಲಿ ಒಂದು ದೀರ್ಘ ಹಾಡಿದೆ, ಅದರ ಜೊತೆಗೆ 'ಗಾಂಧಿ' ಎಂಬ ಹೆಸರಿನದೇ ಇನ್ನೊಂದು. ಹೌದು, ನಮ್ಮ ಗಾಂಧಿಯೇ. ಒಂಬತ್ತು ನಿಮಿಷ ದಾಟುತ್ತದೆ. ಜಪದಂತೆ ತಗ್ಗಿದ ದನಿಯಲ್ಲಿ ಶುರುವಾಗಿ, ನಿದ್ದೆಯಿಂದೇಳಿ, ನೀವು ಎಷ್ಟು ಜನ ಇದ್ದೀರಿ ಎಣಿಸಿಕೊಳ್ಳಿ ಅನ್ನುವ ಕೂಗಿಗೆ ಬರುತ್ತದೆ. ಭಜನೆಯ ಗಾಂಧಿಯನ್ನಷ್ಟೇ ಕೇಳಿ ಬೆಳೆದ ನಮಗೆ ಗಿಟಾರಿನ ಮೊರೆತದ ನಡುವಿನ ಈ ಗಾಂಧಿ ಒಮ್ಮೆಗೆ ಗುರುತು ಸಿಗುವುದಿಲ್ಲ. ಉಪ್ಪಿಗಾಗಿ ನಡೆದವರು ಬರೀ ಮೆದು ಮನುಷ್ಯರಲ್ಲ ಅನ್ನುವುದು ನನಗೆ ಈ ಹಾಡಿನಲ್ಲಿ ಹೊಸದಾಗಿ ಕೇಳಿಸಿತು.

ಪಂಕ್ ಯಾಕೆ ಅನ್ನುವುದಕ್ಕೆ ಇನ್ನೂ ಒಂದು ಸಾಕ್ಷಿ ಬೇಕಿದ್ದರೆ 2016ರ ಡಿಸೆಂಬರ್ 10ರ ವಿಡಿಯೋ ನೋಡಿ. ಸ್ಟಾಕ್‌ಹೋಮ್, ನೊಬೆಲ್ ಸಮಾರಂಭ, ಬಾಬ್ ಡಿಲನ್‌ಗೆ ಸಾಹಿತ್ಯದ ಪ್ರಶಸ್ತಿ. ಡಿಲನ್ ಬಂದಿಲ್ಲ. ಅವರ 'ಎ ಹಾರ್ಡ್ ರೇನ್ಸ್ ಎ-ಗಾನಾ ಫಾಲ್' ಹಾಡಲು ನಿಂತವರು 70ರ ಹೊಸ್ತಿಲಲ್ಲಿದ್ದ ಪ್ಯಾಟಿ. ಎದುರಿಗೆ ದೊರೆ, ವಿಜ್ಞಾನಿಗಳು, ಹಿಂದೆ ವಾದ್ಯವೃಂದ. ಎರಡನೆಯ ಚರಣದಲ್ಲಿ ಸಾಲು ಸಿಗಲಿಲ್ಲ, ದನಿ ನಿಂತಿತು. ಮುಖ ತಗ್ಗಿಸಿ, ಕ್ಷಮಿಸಿ, ತುಂಬಾ ಹೆದರಿಕೆಯಾಗುತ್ತಿದೆ, ಆ ಭಾಗವನ್ನು ಮತ್ತೆ ಶುರು ಮಾಡಬಹುದೇ ಅಂತ ಕೇಳಿದರು. ಚಪ್ಪಾಳೆ ಬಿತ್ತು. ಮತ್ತೆ ಶುರು ಮಾಡಿದರು. ಪಾಠ ಒಪ್ಪಿಸಿದಂತೆ ತಪ್ಪಿಲ್ಲದೆ ಹಾಡಿದ ಎಷ್ಟೋ ಕಛೇರಿಗಳು ನನಗೆ ಮರೆತಿವೆ. ಆ ಕೆಲವು ಸೆಕೆಂಡುಗಳ ಮೌನ ಮರೆತಿಲ್ಲ.

'ಹಾರ್ಸಸ್'ನ ಕೊನೆಯ ಹಾಡು 'ಎಲಿಜಿ'ಯನ್ನು ಎಲ್ಲ ಆದಮೇಲೆ ಕೇಳಿ. ಅದು ಗಿಟಾರ್ ಮಾಂತ್ರಿಕ ಜಿಮಿ ಹೆಂಡ್ರಿಕ್ಸ್ ನೆನಪಿಗೆ. 1970ರಲ್ಲಿ ಹೆಂಡ್ರಿಕ್ಸ್ ಕಟ್ಟಿಸಿದ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋ ಉದ್ಘಾಟನೆಗೆ ಹೋಗಿದ್ದ ಪ್ಯಾಟಿಗೆ ನಾಚಿಕೆಯಿಂದ ಒಳಗೆ ಕಾಲಿಡಲಾಗಲಿಲ್ಲ. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಗ ಹೆಂಡ್ರಿಕ್ಸ್ ಬಂದು ಸ್ವಲ್ಪ ಹೊತ್ತು ಮಾತಾಡಿ ಹೋದರು. ಕೆಲವೇ ವಾರಗಳಲ್ಲಿ ತೀರಿಕೊಂಡರು. ಐದು ವರ್ಷದ ಮೇಲೆ ಅದೇ ಮೆಟ್ಟಿಲು ಇಳಿದು ಒಳಗೆ ಹೋಗಿ ಈ ಹಾಡು ಮುದ್ರಿಸಿದರು. 2006ರ ಅಕ್ಟೋಬರ್ 15ರಂದು ಸಿಬಿಜಿಬಿ ಬಾಗಿಲು ಮುಚ್ಚುವ ರಾತ್ರಿ ಕೊನೆಯದಾಗಿ ಹಾಡಿದ್ದೂ ಇದನ್ನೇ. ಹಾಡುತ್ತ ಹಾಡುತ್ತ, ಈಗ ಇಲ್ಲವಾದ ಸಂಗೀತಗಾರರ, ಗೆಳೆಯರ ಹೆಸರುಗಳನ್ನು ಕಾಗದ ನೋಡಿ ಒಂದೊಂದಾಗಿ ಓದಿದರು.