ಪ್ರಾಕ್ಟಾಲ್ಜಿಯಾ ಫ್ಯೂಗಾಕ್ಸ್: ಈ ಗುದನೋವು ವಂಶಪಾರಂಪರ್ಯವೇ?

ನಡುರಾತ್ರಿ, ಒಳ್ಳೆ ನಿದ್ದೆಯಲ್ಲಿರುವಾಗ ಗುದದ್ವಾರದ ಒಳಗೆ ಯಾರೋ ಹಿಂಡಿದಂಥ ನೋವು. ಕೂರಲೂ ಆಗದು, ಮಲಗಲೂ ಆಗದು. ಕೆಲವೇ ನಿಮಿಷಗಳಲ್ಲಿ ಏನೂ ಆಗಿರಲೇ ಇಲ್ಲವೆಂಬಂತೆ ಮಾಯ. ಇದೇ ಪ್ರಾಕ್ಟಾಲ್ಜಿಯಾ ಫ್ಯೂಗಾಕ್ಸ್. ಇಂಥ ಹೊಟ್ಟೆ-ಕರುಳಿನ ತೊಂದರೆಗಳನ್ನು ಗುರುತಿಸಲು ವೈದ್ಯರು ಬಳಸುವ 2016ರ ರೋಮ್-4 ಮಾನದಂಡದ ಪ್ರಕಾರ ಒಂದು ಸಲದ ನೋವು ಹೆಚ್ಚೆಂದರೆ 30 ನಿಮಿಷ ಇರುತ್ತದೆ, ಮಲವಿಸರ್ಜನೆಗೂ ಅದಕ್ಕೂ ನಂಟಿಲ್ಲ, ಮಧ್ಯದ ದಿನಗಳಲ್ಲಿ ನೋವಿನ ಸುಳಿವೂ ಇರುವುದಿಲ್ಲ. ಅರ್ಧ ಗಂಟೆ ದಾಟಿ ಕಾಡುವ ನೋವಾದರೆ ವೈದ್ಯರು ಲಿವೇಟರ್ ಏನೈ ಸಿಂಡ್ರೋಮ್ (ಗುದವನ್ನು ಎತ್ತಿ ಹಿಡಿಯುವ ಸ್ನಾಯುವಿಗೆ ಸಂಬಂಧಿಸಿದ ನೋವು) ಕಡೆ ಗಮನ ಹರಿಸುತ್ತಾರೆ. ಎರಡರಲ್ಲೂ ನೋವಿಗೆ ಕಾರಣವಾಗುವಂಥ ಮೂಲವ್ಯಾಧಿ, ಬಿರುಕು, ಕೀವು ಯಾವುದೂ ಸಿಗದ ಕಾರಣ ಇವನ್ನು ‘ಫಂಕ್ಷನಲ್’ ನೋವುಗಳ ಗುಂಪಿಗೆ ಸೇರಿಸಿದ್ದಾರೆ.

ಅಪ್ಪನಿಗಿದ್ದರೆ ಮಗನಿಗೂ ಬರುತ್ತದೆಯೇ? ಬಹುಪಾಲು ರೋಗಿಗಳ ಮಟ್ಟಿಗೆ, ಇಲ್ಲ. ಈ ನೋವು ನಾವಂದುಕೊಂಡಷ್ಟು ಅಪರೂಪದ್ದಲ್ಲ, ಹಾಗಾಗಿ ಒಂದೇ ಮನೆಯ ಇಬ್ಬರಿಗೆ ಬಂದರೂ ಅದು ಕಾಕತಾಳೀಯ ಇರಬಹುದು. ಇನ್ನೊಂದು ತೊಡಕೂ ಇದೆ: ಗುದದ ನೋವನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳುವವರೇ ಕಡಿಮೆ. ‘ನಮ್ಮ ಮನೇಲಿ ಯಾರಿಗೂ ಇಲ್ಲ’ ಎಂಬ ಮಾತನ್ನು ನಾನಂತೂ ಪೂರ್ತಿ ನಂಬುವುದಿಲ್ಲ.

ಆದರೆ ನಿಜಕ್ಕೂ ವಂಶಪಾರಂಪರ್ಯವಾದ ಒಂದು ರೂಪವಿದೆ. ತಲೆಮಾರಿನಿಂದ ತಲೆಮಾರಿಗೆ ಈ ನೋವೂ ಮಲಬದ್ಧತೆಯೂ ಜೊತೆಜೊತೆಯಾಗಿ ಬಂದ ಕುಟುಂಬವೊಂದರ ವಿವರ 1991ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅವರಲ್ಲಿ ಗುದದ್ವಾರವನ್ನು ಮುಚ್ಚಿಡುವ ಒಳ ಸ್ಫಿಂಕ್ಟರ್ ಸ್ನಾಯು ದಪ್ಪಗಾಗಿತ್ತು, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಆ ಸ್ನಾಯುಕೋಶಗಳ ಒಳಗೇ ದೋಷ ಕಂಡಿತು. ಆಮೇಲೆ ಇಂಥ ಇನ್ನೂ ಕೆಲವು ಕುಟುಂಬಗಳು ಪತ್ತೆಯಾದವು. ತಂದೆ ಅಥವಾ ತಾಯಿ, ಒಬ್ಬರಿಂದ ಬಂದರೂ ಸಾಕು, ಪ್ರತಿ ಮಗುವಿಗೂ ಅರ್ಧದಷ್ಟು ಸಾಧ್ಯತೆ. ಸ್ನಾಯು ದಪ್ಪಗಾಗಿದೆಯೇ ಎಂಬುದನ್ನು ಗುದದೊಳಗಿನ ಅಲ್ಟ್ರಾಸೌಂಡ್ ತೋರಿಸುತ್ತದೆ. ಬಿಪಿಗೆ ಕೊಡುವ ನಿಫೆಡಿಪಿನ್ ಮಾತ್ರೆಯಿಂದ ಇಂಥ ಕೆಲವರಿಗೆ ಆರಾಮವಾದದ್ದೂ ದಾಖಲಾಗಿದೆ.

ಇದರೊಡನೆ ಗೊಂದಲವಾಗುವ ಮತ್ತೊಂದು ಕಾಯಿಲೆಯನ್ನು ಹಿಂದೆ ‘ಫ್ಯಾಮಿಲಿಯಲ್ ರೆಕ್ಟಲ್ ಪೇನ್’ ಎಂದೇ ಕರೆಯುತ್ತಿದ್ದರು. ಈಗಿನ ಹೆಸರು ಪ್ಯಾರಾಕ್ಸಿಸ್ಮಲ್ ಎಕ್ಸ್‌ಟ್ರೀಮ್ ಪೇನ್ ಡಿಸಾರ್ಡರ್. ಇದು ಫಂಕ್ಷನಲ್ ನೋವಲ್ಲ. ನೋವಿನ ನರಗಳು ಸಂಕೇತ ಕಳಿಸಲು ಬೇಕಾದ ಸೋಡಿಯಂ ಚಾನೆಲ್ (ಸೋಡಿಯಂ ಒಳಬರುವ ಬಾಗಿಲು) ರೂಪಿಸುವ ಎಸ್‌ಸಿಎನ್9ಎ ಜೀನ್‌ನಲ್ಲಿಯೇ ದೋಷ ಎಂಬುದು 2006ರಲ್ಲಿ ಗೊತ್ತಾಯಿತು. ಶುರುವಾಗುವುದು ಹಸುಗೂಸಿನ ವಯಸ್ಸಿನಲ್ಲೇ: ಮಲವಿಸರ್ಜನೆಯ ಹೊತ್ತಿಗೆ ಮಗು ಕಿರುಚುತ್ತದೆ, ಚರ್ಮ ಕೆಂಪೇರುತ್ತದೆ. ದೊಡ್ಡವರಾಗುತ್ತ ನೋವು ಕಣ್ಣು, ದವಡೆಗೂ ಬರುತ್ತದೆ. ಮೂರ್ಛೆರೋಗಕ್ಕೆ ಕೊಡುವ ಕಾರ್ಬಮಜೆಪಿನ್ ಹಲವರಿಗೆ ಕೆಲಸ ಮಾಡುತ್ತದೆ.

ಆದ್ದರಿಂದ ವೈದ್ಯರ ಮುಂದೆ ಕುಟುಂಬದ ವಿಚಾರ ಬಂದಾಗ ನೋವಿನ ಜೊತೆಗೆ ಯಾರಿಗೆ ಹಳೇ ಮಲಬದ್ಧತೆ ಇದೆ, ಯಾರಿಗೆ ಎಳವೆಯಲ್ಲೇ ಶುರುವಾಯಿತು ಎಂಬುದನ್ನೂ ಹೇಳಬೇಕು. ಮಲದಲ್ಲಿ ರಕ್ತ, ಇಳಿಯುತ್ತಿರುವ ತೂಕ, ಮನೆಯಲ್ಲಿ ಕರುಳಿನ ಕ್ಯಾನ್ಸರ್ ಇದ್ದವರು ಇದ್ದರೆ ಮೊದಲು ಅದರ ತಪಾಸಣೆ.