ಕೇಳುವವರ ಮಾತಿನಲ್ಲಿ ‘ಸಂಪರ್ಕಿಸಿ’ ಪುಟ

‘ದುಡ್ಡು ಕಟ್ ಆಗಿದೆ, ಆರ್ಡರ್ ಮಾತ್ರ ಕಾಣಿಸ್ತಿಲ್ಲ.’ ಇಷ್ಟು ಹೇಳಲು ಒಬ್ಬರು ಜಾಲತಾಣದ ‘ಸಂಪರ್ಕಿಸಿ’ ಪುಟ ತೆರೆಯುತ್ತಾರೆ. ಅಲ್ಲೊಂದು ಪಟ್ಟಿ: ಬಿಲ್ಲಿಂಗ್, ತಾಂತ್ರಿಕ ಬೆಂಬಲ, ಮಾರಾಟ, ಸಾಮಾನ್ಯ ವಿಚಾರಣೆ. ಹಣದ ವಿಷಯವಾದ್ದರಿಂದ ಬಿಲ್ಲಿಂಗ್ ಒತ್ತಬೇಕೇ? ಪುಟ ಅರ್ಧಕ್ಕೇ ನಿಂತುಹೋಗಿತ್ತಲ್ಲ, ಹಾಗಾದರೆ ತಾಂತ್ರಿಕವೇ? ಕೊನೆಗೆ ಯಾವುದೋ ಒಂದನ್ನು ಒತ್ತುತ್ತಾರೆ. ಸಂದೇಶ ತಪ್ಪು ಮೇಜಿಗೆ ಹೋಗುತ್ತದೆ. ಅಲ್ಲಿಂದ ಇನ್ನೊಂದು ಮೇಜಿಗೆ ದಾಟುವಾಗ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ.

ತಪ್ಪು ಒತ್ತಿದವರದ್ದಲ್ಲ. ಆ ಪಟ್ಟಿ ಸಂಸ್ಥೆಯ ಒಳಗಿನ ವಿಭಾಗಗಳ ನಕ್ಷೆ, ಹೊರಗಿನವರಿಗೆ ಅದು ಗೊತ್ತಿರಬೇಕಾಗಿಲ್ಲ. ಸಂಶೋಧಕ ಜಾರ್ಜ್ ಫರ್ನಾಸ್ ಮತ್ತು ಸಂಗಡಿಗರು 1987ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದರ ಬುಡ ಎಲ್ಲಿದೆ ಎಂದು ತೋರಿಸಿತು: ಒಂದೇ ವಸ್ತುವಿಗೆ ಇಬ್ಬರು ತಾವಾಗಿಯೇ ಒಂದೇ ಹೆಸರು ಕೊಡುವ ಸಂಭವ ಶೇ. 20ಕ್ಕಿಂತ ಕಡಿಮೆ. ಪೀಟರ್ ಪಿರೋಲಿ ಮತ್ತು ಸ್ಟುವರ್ಟ್ ಕಾರ್ಡ್ ಎಂಬ ಸಂಶೋಧಕರು 1990ರ ದಶಕದಲ್ಲಿ ಇನ್ನೊಂದು ಮುಖ ವಿವರಿಸಿದರು. ವಾಸನೆ ಹಿಡಿದು ಆಹಾರ ಹುಡುಕುವ ಪ್ರಾಣಿಯಂತೆ ನಾವು ಪದಗಳ ಸುಳಿವು ಹಿಡಿದು ಮಾಹಿತಿ ಹುಡುಕುತ್ತೇವೆ. ‘ಸಾಮಾನ್ಯ ವಿಚಾರಣೆ’ ಎಂಬ ಪದಕ್ಕೆ ಯಾವ ವಾಸನೆಯೂ ಇಲ್ಲ.

ಹಾಗಾಗಿ ಪುಟದ ವಿನ್ಯಾಸಕ್ಕೆ ಕೈಹಾಕುವ ಮೊದಲು ಹಳೆಯ ಸಂದೇಶಗಳನ್ನು ತೆರೆಯಿರಿ. ಇತ್ತೀಚಿನ ಇನ್ನೂರು ಸಾಕು. ಹೆಸರು, ವಿಳಾಸ ತೆಗೆದುಹಾಕಿ, ಪ್ರತಿಯೊಂದರ ತಿರುಳನ್ನು ಬರೆದವರದೇ ಮಾತಿನಲ್ಲಿ ಒಂದೊಂದು ಚೀಟಿಗೆ ಇಳಿಸಿ. ‘ರೀಫಂಡ್ ಯಾವಾಗ ಬರುತ್ತೆ’ ಎಂದಿದ್ದರೆ ಹಾಗೆಯೇ ಇರಲಿ, ‘ಮರುಪಾವತಿ ಸ್ಥಿತಿ’ ಎಂದು ತಿದ್ದಬೇಡಿ. ಚೀಟಿಗಳನ್ನು ಗುಂಪು ಮಾಡಿದಾಗ ಐದಾರು ದೊಡ್ಡ ಗುಡ್ಡೆಗಳು ಎದ್ದು ಕಾಣುತ್ತವೆ. ಅವೇ ನಿಮ್ಮ ಶೀರ್ಷಿಕೆಗಳು: ‘ಹಣ ಹೋಯಿತು, ಆರ್ಡರ್ ಬರಲಿಲ್ಲ’, ‘ಪಾಸ್‌ವರ್ಡ್ ಮರೆತಿದ್ದೇನೆ’, ‘ವಿಳಾಸ ಬದಲಿಸಬೇಕು’.

ಒಂದೊಂದು ಶೀರ್ಷಿಕೆಯ ಕೆಳಗೆ ತಾವೇ ಮಾಡಿಕೊಳ್ಳಬಹುದಾದ ಕೆಲಸದ ಕೊಂಡಿ ಮೊದಲು ಬರಲಿ, ಅದರ ಬೆನ್ನಿಗೇ ಮನುಷ್ಯರನ್ನು ತಲುಪುವ ದಾರಿ. ಉತ್ತರಗಳ ರಾಶಿಯ ಅಡಿಯಲ್ಲಿ ಫೋನ್ ಸಂಖ್ಯೆಯನ್ನು ಬಚ್ಚಿಡುವುದು ಅನ್ಯಾಯ. ಕರೆ ಕಡಿಮೆಯಾದಂತೆ ಕಂಡರೂ ಜನ ಸಿಕ್ಕ ಮೊದಲ ಸಂಖ್ಯೆಗೆ, ಬೇರೆ ಕೆಲಸದವರಿಗೆ, ಕರೆಮಾಡುತ್ತಾರೆ. ಸಂಖ್ಯೆಯ ಪಕ್ಕದಲ್ಲಿ ಯಾವ ದಿನ, ಎಷ್ಟು ಗಂಟೆಯವರೆಗೆ ಎತ್ತುತ್ತಾರೆಂದೂ, ಇಮೇಲ್ ಪಕ್ಕದಲ್ಲಿ ಎಷ್ಟು ದಿನದಲ್ಲಿ ಉತ್ತರ ಬರುತ್ತದೆಂದೂ ಬರೆಯಿರಿ. ಕಾಯುವ ಅವಧಿ ಗೊತ್ತಿಲ್ಲದವರು ಎರಡನೇ, ಮೂರನೇ ಸಂದೇಶ ಕಳಿಸಿ ಸಾಲನ್ನು ಇನ್ನೂ ಉದ್ದ ಮಾಡುತ್ತಾರೆ. ಪುಟದ ಕೊಂಡಿಯೂ ಎಲ್ಲ ಪುಟಗಳಲ್ಲಿ ಒಂದೇ ಜಾಗದಲ್ಲಿರಬೇಕು. ಅಂಗವಿಕಲರೂ ಜಾಲತಾಣಗಳನ್ನು ಸಲೀಸಾಗಿ ಬಳಸುವಂತಾಗಲು ಇರುವ ವೆಬ್ ಸುಗಮ್ಯತಾ ಮಾರ್ಗಸೂಚಿಯ (ಡಬ್ಲ್ಯುಸಿಎಜಿ) 2023ರಲ್ಲಿ ಬಂದ 2.2ನೇ ಆವೃತ್ತಿ ಸಹಾಯದ ಕೊಂಡಿಗಳಿಗೆ ಇದನ್ನು ತಳಮಟ್ಟದ ಅಗತ್ಯವೆಂದೇ ಇಟ್ಟಿದೆ.

ಫಾರ್ಮ್‌ನಲ್ಲಿ ಹೆಸರು, ಇಮೇಲ್, ಸಂದೇಶ ಇದ್ದರೆ ಸಾಕು. ಹಣದ ದೂರಿಗೆ ಮಾತ್ರ ಆರ್ಡರ್ ಸಂಖ್ಯೆಯ ಚೌಕ ತೆರೆದುಕೊಳ್ಳಲಿ, ಆ ಸಂಖ್ಯೆ ಎಲ್ಲಿ ಸಿಗುತ್ತದೆಂಬ ಒಂದು ಸಾಲೂ ಇರಲಿ. ಇಮೇಲ್‌ನಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ಬರೆದ ಸಂದೇಶವೆಲ್ಲ ಅಳಿಸಿಹೋಗುವುದು ಈ ಪುಟಗಳ ಅತಿ ಕೆಟ್ಟ ದೋಷ. ದೋಷ ತೋರಿಸುವಾಗ ಬರೆದದ್ದು ಬರೆದ ಹಾಗೇ ಉಳಿಯಬೇಕು.

ಕಣ್ಣಿಗೆ ಕಾಣದ ಇನ್ನೊಂದು ದೋಷವಿದೆ. ಎಷ್ಟೋ ಫಾರ್ಮ್‌ಗಳು ಸಂದೇಶವನ್ನು ಬಳಕೆದಾರರ ವಿಳಾಸದಿಂದಲೇ ಬಂದಂತೆ ಕಳಿಸುತ್ತವೆ. ಇಮೇಲ್ ನಿಜವಾಗಿ ಆ ವಿಳಾಸದ ಡೊಮೇನಿನಿಂದಲೇ ಬಂದಿದೆಯೇ ಎಂದು ನೋಡುವ ಎಸ್‌ಪಿಎಫ್, ಡಿಮಾರ್ಕ್ ತಪಾಸಣೆಯಲ್ಲಿ ಇದು ನಕಲಿ ಎಂದು ಕಂಡು ಸ್ಪ್ಯಾಮ್‌ಗೆ ಬೀಳುತ್ತದೆ ಅಥವಾ ತಲುಪುವುದೇ ಇಲ್ಲ, ಪರದೆಯ ಮೇಲೆ ಮಾತ್ರ ‘ಧನ್ಯವಾದ’ ಎಂದಿರುತ್ತದೆ. ಕಳಿಸುವ ವಿಳಾಸ ನಿಮ್ಮ ಡೊಮೇನಿನದ್ದಾಗಿರಲಿ, ಬಳಕೆದಾರರ ವಿಳಾಸ ಉತ್ತರ ಎಲ್ಲಿಗೆ ಹೋಗಬೇಕೆಂದು ಹೇಳುವ ‘ರಿಪ್ಲೈ-ಟು’ ಜಾಗದಲ್ಲಿರಲಿ. ದೂರಿನ ಸಂಖ್ಯೆ ಪರದೆಯ ಮೇಲೂ ಇಮೇಲ್‌ನಲ್ಲೂ ಸಿಗಲಿ.

ಪುಟ ಸಿದ್ಧವಾದ ಮೇಲೆ ಸಂಸ್ಥೆಗೆ ಸಂಬಂಧವಿಲ್ಲದ ಐದಾರು ಜನರನ್ನು ಕೂರಿಸಿ, ಹಳೆಯ ಚೀಟಿಯೊಂದನ್ನು ಓದಿ ಹೇಳಿ, ‘ಮೊದಲು ಎಲ್ಲಿ ಒತ್ತುತ್ತೀರಿ?’ ಎಂದಷ್ಟೇ ಕೇಳಿ. ಸುಳಿವು ಕೊಡಬೇಡಿ. ಇಬ್ಬರು ಒಂದೇ ಕಡೆ ತಡವರಿಸಿದರೆ ಅಲ್ಲಿನ ಪದ ಬದಲಿಸಿ. ‘ಇತರೆ’ ಎಂಬ ಆಯ್ಕೆಯನ್ನು ಮಾತ್ರ ತೆಗೆಯಬೇಡಿ. ತಿಂಗಳಿಗೊಮ್ಮೆ ಅದರೊಳಗಿನ ಸಂದೇಶಗಳನ್ನು ಓದಿ. ಒಂದೇ ದೂರು ಅಲ್ಲಿ ಪದೇ ಪದೇ ಬರುತ್ತಿದ್ದರೆ, ಅದನ್ನು ಬರೆದವರ ಮಾತೇ ಮುಂದಿನ ಶೀರ್ಷಿಕೆ.